ಕಂಬಳಿ ಬೇಡ, ಶೀಟ್ ಕೊಡಿ ಅಂದರು. ಈಗ ಏನು ಮಾಡುವುದು?

ಕಾಫಿಹೂ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಾನು ಕೊಡಗಿನ ಸಿದ್ದಾಪುರ ಕಡೆಯವಳು, ಕ್ಯಾಥೊಲಿಕ್. ನಮ್ಮ ಚರ್ಚ್‌ನ ಹೆಂಗಸರೆಲ್ಲ ಸೇರಿ ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಸುತ್ತಲಿನ ಲೈನ್ ಮನೆಗಳಿಗೆ (ಕಾಫಿ ತೋಟದ ಕೆಲಸಗಾರರ ಸಾಲು ಮನೆ) ಕಂಬಳಿ ಹಂಚುತ್ತೇವೆ. ಈ ಸಲ 40 ಕಂಬಳಿ ತಂದಿದ್ದೆವು. ನಿನ್ನೆ ಪೂಜೆ ಮುಗಿಸಿ ಹೊರಟೆವು. ಮೂರನೇ ಲೈನ್‌ನಲ್ಲಿ ಒಬ್ಬರು ಎರವ ಬುಡಕಟ್ಟಿನ ಅಜ್ಜಿ ಕಂಬಳಿ ಕೈಗೆ ತೆಗೆದುಕೊಂಡರು, ಬಿಚ್ಚಿ ನೋಡಿದರು, ಮತ್ತೆ ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟರು. "ಹೋದ ವರ್ಷದ್ದೇ ಇದೆ ಅಮ್ಮ. ಅದೇ ಒದ್ದೆ ಆಗುತ್ತೆ. ಈ ಸಲ ಶೀಟ್ ಕೊಡಿ" ಅಂದರು.

ತಲೆ ಎತ್ತಿ ನೋಡಿದೆ. ಮಾಡಿನ, ಅಂದರೆ ಸೂರಿನ, ಸಿಮೆಂಟ್ ಶೀಟ್ ಉದ್ದಕ್ಕೂ ಸೀಳಿದೆ. ಸೀಳಿಗೆ ಗೊಬ್ಬರದ ಚೀಲ ತುರುಕಿದ್ದಾರೆ. ಮಳೆಗಾಲ ಬಿಡಿ, ಈಗ ಬೀಳುವ ಇಬ್ಬನಿಯೇ ಅಲ್ಲಿಂದ ತೊಟ್ಟಿಕ್ಕುತ್ತದೆಯಂತೆ. ಕೆಳಗೆ ಒಂದು ಅಲ್ಯೂಮಿನಿಯಂ ಪಾತ್ರೆ ಇಟ್ಟಿದ್ದರು.

ಈಗ ತಮಾಷೆ ಕೇಳಿ. ಆ ತೋಟ ನಮ್ಮ ಚರ್ಚ್‌ಗೇ ಬರುವ ಒಬ್ಬರದ್ದು. 40 ಕಂಬಳಿಯಲ್ಲಿ ಅರ್ಧದ ದುಡ್ಡೂ ಅವರದ್ದೇ. ಒಳ್ಳೆಯ ಮನುಷ್ಯ, ಕೇಳಿದಾಗೆಲ್ಲ ಕೊಡುತ್ತಾರೆ. ಫಾದರ್ ಹತ್ತಿರ ಹೇಳಿದೆ. "ಮೊದಲು ಹಬ್ಬ ಕಳೆಯಲಿ" ಅಂದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಅವರಿಗೆ ಹೇಳುವುದು ನಮ್ಮ ಕೆಲಸವಾ? ಚರ್ಚ್‌ನ ಕೆಲಸ ಕಂಬಳಿ ಕೊಡುವ ತನಕ ಮಾತ್ರವಾ?

ಮಡಿಕೇರಿ_ಮಂಜು · 9:52

ಅಜ್ಜಿಗೆ ನನ್ನ ನಮಸ್ಕಾರ.

ದೇವಾಲಯದ_ಗಂಟೆ · 10:05

ಸಿಸ್ಟರ್, ತಪ್ಪು ತಿಳಿಯಬೇಡಿ. ಕೊಡುವಾಗ ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಸ್ವಾಮಿ ಹೇಳಿದ್ದಾರೆ. ನೀವು ದುಡ್ಡು ಕೊಟ್ಟವರ ಲೈನ್ ಮನೆಯ ಮಾಡನ್ನು ಇಲ್ಲಿ ತಂದು ಹರಡುತ್ತಿದ್ದೀರಿ. ಚರ್ಚ್ ಇರುವುದು ಆತ್ಮಗಳಿಗೆ. ಶೀಟು, ಕೂಲಿ, ಇದೆಲ್ಲ ಯೂನಿಯನ್‌ನವರ ಕೆಲಸ. ಇದನ್ನೆಲ್ಲ ಒಳಗೆ ತಂದರೆ ನಾಳೆ ಪೂಜೆಗೂ ಬಾವುಟ ಹಿಡಿದುಕೊಂಡು ಬರುತ್ತಾರೆ.

ಸೋಮವಾರಪೇಟೆಯವಳು · 10:11

ಗಂಟೆಯವರೇ, ಮೊನ್ನೆ ಭಾನುವಾರದ ವಾಚನ ಕೇಳಿದಿರಾ ಇಲ್ವಾ? ಲೂಕ 3. ಜನ ಸ್ನಾನಿಕ ಯೊವಾನ್ನರ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅಂತಾರೆ. ಇದು ಕಂಬಳಿ, ಸರಿ. ಆದರೆ ಅಲ್ಲಿಗೇ ನಿಲ್ಲಿಸಲ್ಲ. ಸುಂಕದವರು ಕೇಳಿದಾಗ, ನಿಗದಿಗಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂತಾರೆ. ಸಿಪಾಯಿಗಳಿಗೆ, ಹೆದರಿಸಿ ಕಿತ್ತುಕೊಳ್ಳಬೇಡಿ ಅಂತಾರೆ. ಅವರಿಗೆ ಅಂಗಿ ದಾನ ಮಾಡಿ ಅಂತ ಹೇಳಿ ಕಳಿಸಬಹುದಿತ್ತು, ಸುಲಭ. ಹಾಗೆ ಮಾಡಲಿಲ್ಲ. ಯಾರು ಎಲ್ಲಿ ದುಡಿಯುತ್ತಾರೋ ಅಲ್ಲಿಯ ಲೆಕ್ಕ ಸರಿ ಮಾಡಿಕೊಳ್ಳಿ ಅಂದರು.

ಅಂದರೆ ತೋಟದವರು ಹೋಗಿ ಕೇಳಿದ್ದರೆ ಏನು ಹೇಳುತ್ತಿದ್ದರು? ಯೋಚನೆ ಮಾಡಿ.

ಮೂರೆಕರೆ_ಬೆಳೆಗಾರ · 10:30

ತೋಟದವರು ಅಂದ ಕೂಡಲೇ ಎಲ್ಲರಿಗೂ ಸಾವಿರ ಎಕರೆ ಕಾಣುತ್ತದೆ. ನನಗಿರುವುದು ಮೂರು ಎಕರೆ. ನಾನೂ ಚರ್ಚ್‌ಗೆ ಹೋಗುವವನೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ನಮ್ಮ ಚಿಕ್ಕಪ್ಪನ ತೋಟ ಗುಡ್ಡದ ಜೊತೆಗೇ ಜಾರಿ ಹೋಯಿತು. ಇತ್ತ ಆನೆ ಬಂದರೆ ಒಂದೇ ರಾತ್ರಿಗೆ ಬಾಳೆ, ಕಾಫಿ ಎಲ್ಲ ನೆಲಸಮ. ರೇಟು ಏರಿದ್ದು ಮೊನ್ನೆ ಮೊನ್ನೆ. ಅದಕ್ಕೆ ಮುಂಚೆ ಎಷ್ಟು ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ಸಾಲ ಮಾಡಿದ್ದೇವೆ, ಯಾರಾದರೂ ಕಂಬಳಿ ತಂದುಕೊಟ್ಟರಾ?

ಕರಿಮೆಣಸು · 10:38

ನಾನು ಕ್ರಿಶ್ಚಿಯನ್ ಅಲ್ಲ, ಕೊಡವ. ಆದರೂ ಬಾಯಿ ಹಾಕುತ್ತೇನೆ.

ಬೆಳೆಗಾರರೇ, ಒಪ್ಪಿದೆ, ಕಷ್ಟ ಇತ್ತು. ಆದರೆ 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕಿಲೋ ಚೀಲ 10,000 ದಾಟಿದಾಗ ನಮ್ಮಲ್ಲಿ ಎಷ್ಟು ಜನ ಲೈನ್‌ಗೆ ಹೋಗಿ ಮಾಡು ನೋಡಿದೆವು? ನಾನೂ ನೋಡಲಿಲ್ಲ. ಜೀಪ್ ಬದಲಾಯಿಸಿದೆ. ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಮಾತು, ಬೇಜಾರಾದರೆ ಆಗಲಿ. ಕಂಬಳಿ ಕೊಡುವುದರ ಹಿಂದೆ ಮತಾಂತರ ಇಲ್ಲ ಅಂತ ಗ್ಯಾರಂಟಿ ಏನು?

ಮಡಿಕೇರಿ_ಮಂಜು · 10:41

ಕಂಬಳಿ ವಾಪಸ್ ಕೊಟ್ಟ ಅಜ್ಜಿಯನ್ನು ಯಾವ ಮತಕ್ಕೆ ಸೇರಿಸಿದ್ರು ಸಾರ್ 😄

ಕಾಫಿಹೂ · 10:44

ಕರಿಮೆಣಸು ಅಣ್ಣ, ಕೇಳಿದ್ದು ತಪ್ಪಲ್ಲ. ನಮ್ಮಲ್ಲಿ ಕಂಬಳಿ ಕೊಡುವಾಗ ಪ್ರಾರ್ಥನೆಯನ್ನೂ ಮಾಡಿಸುವುದಿಲ್ಲ, ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಫೋಟೋ ಮಾತ್ರ ತೆಗೆಯುತ್ತಿದ್ದೆವು. ಈಗ ಅದೂ ನಾಚಿಕೆ ಅನ್ನಿಸುತ್ತಿದೆ.

ನಿವೃತ್ತ_ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:15

ಎಲ್ಲ ಓದಿದೆ. ನಾನು ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಚರ್ಚ್) ಸಭೆಯವನು, ಹಳೇ ಬಾಸೆಲ್ ಮಿಷನ್ ಮನೆತನ. ಈ ಪ್ರಶ್ನೆ ಕೊಡಗಿಗೆ ಹೊಸದಲ್ಲ.

1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದರು. ಮಂಗಳೂರ ಸಮಾಚಾರ ಪತ್ರಿಕೆಯನ್ನು 1843ರಲ್ಲಿ ಶುರು ಮಾಡಿದವರೇ. ಆಗ ಇಲ್ಲಿ ಹೊಲೆಯರನ್ನು ಗದ್ದೆಯ ಜೊತೆಗೇ ಲೆಕ್ಕ ಹಾಕುತ್ತಿದ್ದರು. ಜಮ್ಮಾ ಗದ್ದೆ, ಅಂದರೆ ವಂಶಪಾರಂಪರ್ಯದ ಗದ್ದೆ, ಯಾರದ್ದೋ ಆಳೂ ಅವರದ್ದೇ. ಕಂಪನಿ ಸರ್ಕಾರ 1843ರಲ್ಲೇ ಗುಲಾಮಗಿರಿಗೆ ಕಾನೂನಿನ ಬಲ ಇಲ್ಲ ಅಂದಿತ್ತು. ಕಾಗದದ ಮೇಲೆ. ಮೊಗ್ಲಿಂಗ್ ಅವರಿಗೆ ಬರೀ ಅಕ್ಕಿ ಬಟ್ಟೆ ಹಂಚಿ ಹೋಗಬಹುದಿತ್ತು. ಅಮ್ಮತ್ತಿ ಕಡೆ ಆನಂದಪುರ ಅಂತ ಊರನ್ನೇ ಕಟ್ಟಿದರು. ಸ್ವಂತ ಮನೆ, ಸ್ವಂತ ಕೆಲಸ. ಒಡೆಯನ ಜಾಗದಲ್ಲಿ ಕೂತವನಿಗೆ ಬಾಯಿ ಬರುವುದಿಲ್ಲ ಅಂತ ಆ ಕಾಲಕ್ಕೇ ಅರ್ಥವಾಗಿತ್ತು. ಆ ಅಜ್ಜಿ ಶೀಟ್ ಕೇಳಿದ್ದು ನಿಮ್ಮ ಹತ್ತಿರ, ಮಾಲೀಕರ ಹತ್ತಿರ ಅಲ್ಲ. ಗಮನಿಸಿದಿರಾ?

ಮೈಸೂರಿಂದ · 7:02

ಮೇಷ್ಟ್ರೇ, ವಿರಾಜಪೇಟೆ ಚರ್ಚ್ ಕಟ್ಟಿಸಿದ್ದೂ ಈ ಮೊಗ್ಲಿಂಗ್ ಅವರೇ ಅಲ್ವಾ?

ನಿವೃತ್ತ_ಮೇಷ್ಟ್ರು · 7:20

ಅಲ್ಲ ಅಲ್ಲ, ಎರಡನ್ನೂ ಕಲಸಬೇಡಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಕ್ಯಾಥೊಲಿಕರದ್ದು, 1792ರ ಕಾಲದ್ದು. ಮೊಗ್ಲಿಂಗ್ ಇನ್ನೂ ಹುಟ್ಟೇ ಇರಲಿಲ್ಲ. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು ನೆಲೆ ಮಾಡಿಕೊಟ್ಟ. ಅಂದರೆ ಇಲ್ಲಿಯ ಕ್ಯಾಥೊಲಿಕರು ಒಂದು ಕಾಲಕ್ಕೆ ಉಟ್ಟ ಬಟ್ಟೆಯಲ್ಲಿ ಬಂದವರು. ಜಾಗ ಕೊಟ್ಟವನು ಅವರ ಧರ್ಮದವನಲ್ಲ.

ಸೋಮವಾರಪೇಟೆಯವಳು · 7:31

ಇದನ್ನು ನಮ್ಮ ಪ್ರಬೋಧನೆಯಲ್ಲಿ ಯಾರೂ ಹೇಳಲ್ಲ ನೋಡಿ.

ಲೈನ್‌ಮನೆ_ಹುಡುಗ · 8:10

ನಾನು ಆ ಅಜ್ಜಿಯ ಜನದವನೇ. ಪಣಿ ಎರವ. ಡಿಗ್ರಿ ಆಗಿದೆ, ಈಗ ಕುಶಾಲನಗರದಲ್ಲಿ ಕೆಲಸ. ಹುಟ್ಟಿದ್ದು ಲೈನ್ ಮನೆಯಲ್ಲಿ.

ನೀವೆಲ್ಲ ಶೀಟ್ ಬಗ್ಗೆ ಮಾತಾಡುತ್ತಿದ್ದೀರಿ. ಶೀಟ್ ಸಣ್ಣ ವಿಷಯ. ದೊಡ್ಡ ವಿಷಯ ರೈಟರ್ (ತೋಟದ ಲೆಕ್ಕ ಬರೆಯುವವರು) ಹತ್ತಿರ ಇರುವ ಪುಸ್ತಕ. ನಮ್ಮಪ್ಪ ಅಕ್ಕನ ಮದುವೆಗೆ 15,000 ಅಡ್ವಾನ್ಸ್ ತಗೊಂಡರು. ವಾರ ವಾರ ಕೂಲಿಯಲ್ಲಿ ಹಿಡಿದುಕೊಂಡರು. ಎಷ್ಟು ಹಿಡಿದರು, ಎಷ್ಟು ಉಳೀತು, ಅಪ್ಪನಿಗೆ ಓದಲು ಬರಲ್ಲ. ನಾನು ಎಂಟನೇ ಕ್ಲಾಸಲ್ಲಿ ಇದ್ದಾಗ ಹೋಗಿ ಪುಸ್ತಕ ತೋರಿಸಿ ಅಂದೆ. ರೈಟರ್ ನಕ್ಕರು. "ನೀನೇನು ತಹಶೀಲ್ದಾರನಾ" ಅಂದರು. ನಾಲ್ಕು ವರ್ಷ ಆದರೂ 15,000 ಹಾಗೇ ಇತ್ತು. ಸಾಲ ಇರುವ ತನಕ ಬೇರೆ ತೋಟಕ್ಕೆ ಹೋಗುವಂತಿಲ್ಲ. ಜೀತ ನಿಷೇಧ ಕಾಯ್ದೆ ಬಂದಿದ್ದು 1976ರಲ್ಲಿ. ನಾನು ಹೇಳುತ್ತಿರುವುದು 2009ರ ಮಾತು.

ಆ ತೋಟದ ಯಜಮಾನರು ಯಾವ ಧರ್ಮ ಅಂತ ಹೇಳಲ್ಲ. ಎಲ್ಲ ಧರ್ಮದವರ ಹತ್ತಿರವೂ ಆ ಪುಸ್ತಕ ಒಂದೇ ಥರ ಇತ್ತು.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನಮ್ಮವರ ಗುಡಿಸಲು ಕೆಡವಿದರಲ್ಲ, ಅವರು ಕಾಡಿಗೆ ಹೋಗಿ ಯಾಕೆ ಗುಡಿಸಲು ಹಾಕಿದರು ಅಂತ ಯಾರಾದರೂ ಕೇಳಿದಿರಾ? ಹೆಚ್ಚಿನವರು ಲೈನ್ ಮನೆ ಬಿಟ್ಟು ಬಂದವರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಅದು ಹೋರಾಡಿದ್ದಕ್ಕೆ ಸಿಕ್ಕಿದ್ದು, ಕನಿಕರಕ್ಕೆ ಅಲ್ಲ.

ಮಡಿಕೇರಿ_ಮಂಜು · 8:19

ಈ ಸಲ ಜೋಕ್ ಇಲ್ಲ. ಓದಿದೆ.

ದೇವಾಲಯದ_ಗಂಟೆ · 9:00

ತಮ್ಮಾ, ನಿನ್ನ ನೋವು ಅರ್ಥ ಆಗುತ್ತದೆ. ಆದರೆ ಅದಕ್ಕೆ ಲೇಬರ್ ಆಫೀಸ್ ಇದೆ, ಕೋರ್ಟ್ ಇದೆ. ನನ್ನ ಪ್ರಶ್ನೆ ಅಷ್ಟೇ. ಇದು ಚರ್ಚ್‌ನ ಕೆಲಸ ಅಂತ ಬೈಬಲ್‌ನಲ್ಲಿ ಎಲ್ಲಿದೆ?

ನಿವೃತ್ತ_ಮೇಷ್ಟ್ರು · 9:25

ಎಲ್ಲಿಲ್ಲ ಅಂತ ಕೇಳಿದ್ದರೆ ಬೇಗ ಮುಗಿಯುತ್ತಿತ್ತು.

ಯಾಜಕಕಾಂಡ 19:13, ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬೇಡ. ಧರ್ಮೋಪದೇಶಕಾಂಡ 24ರಲ್ಲಿ ಇನ್ನೂ ಖಡಕ್ಕಾಗಿದೆ, ಅವನು ನಿನ್ನ ಜನದವನಾಗಲಿ ಪರದೇಶಿಯಾಗಲಿ ಹೊತ್ತು ಮುಳುಗುವ ಮುಂಚೆ ಕೊಡು. ಯಾಕೋಬನ ಪತ್ರ 5:4, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ. ಕೂಲಿಯವರಷ್ಟೇ ಅಲ್ಲ, ಹಿಡಿದ ಕೂಲಿಯೇ ಕೂಗುತ್ತದಂತೆ! ಆ ರೈಟರ್ ಪುಸ್ತಕದ ಬಗ್ಗೆ ಇದಕ್ಕಿಂತ ನೇರವಾಗಿ ಹೇಗೆ ಬರೆಯಲಿಕ್ಕಾಗುತ್ತದೆ?

ನಿಮ್ಮ ಪೋಪ್‌ಗಳೂ ಹೇಳಿದ್ದಾರಲ್ಲ. 13ನೇ ಲಿಯೋ 1891ರಲ್ಲಿ ಕಾರ್ಮಿಕರ ಬಗ್ಗೆ ಬರೆದ ಪತ್ರ. ಎರಡೂ ಕಡೆಯವರು ಒಪ್ಪಿದರು ಅಂದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದರಲ್ಲಿ ಬದುಕಲಿಕ್ಕೆ ಆಗಬೇಕು ಅಂತ ಅದರಲ್ಲಿದೆ. ಪ್ರೊಟೆಸ್ಟೆಂಟ್ ನಾನು ನಿಮಗೆ ಪೋಪ್ ಪತ್ರ ಓದಿಸುವ ಹಾಗಾಯಿತು.

ಮೂರೆಕರೆ_ಬೆಳೆಗಾರ · 9:48

ಬೈಬಲ್‌ನಲ್ಲೇ ದ್ರಾಕ್ಷಿ ತೋಟದ ಕಥೆ ಇದೆ ಮೇಷ್ಟ್ರೇ, ಮತ್ತಾಯ 20. ಬೆಳಿಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ. ನಾನು ಹಾಗೆ ಕೊಟ್ಟರೆ ಮರುದಿನ ಇಡೀ ಲೈನ್ ಸಂಜೆ ಐದಕ್ಕೇ ಬರುತ್ತದೆ!

ಕರಿಮೆಣಸು · 9:50

ಹ್ಹ ಹ್ಹ, ಇದು ಮಾತ್ರ ಸತ್ಯ. ಕಥೆ ಹೇಳಿದವರು ತೋಟ ಮಾಡಿದವರಲ್ಲ.

ಸೋಮವಾರಪೇಟೆಯವಳು · 9:58

ಸಂಜೆ ತನಕ ಅವರು ಯಾಕೆ ಸುಮ್ನೆ ನಿಂತಿದ್ದರು ಅಂತ ಯಜಮಾನ ಕೇಳುತ್ತಾನೆ. ಯಾರೂ ಕೆಲಸಕ್ಕೆ ಕರೆಯಲಿಲ್ಲ ಅಂತಾರೆ. ಬೆಳಿಗ್ಗೆ ಹೊತ್ತು ಪಿಕಪ್‌ಗೆ ಜನ ಆರಿಸುವಾಗ ನೋಡಿದ್ದೀರಲ್ಲ, ವಯಸ್ಸಾದವರನ್ನು, ಬಸುರಿಯರನ್ನು ಯಾರು ಹತ್ತಿಸಿಕೊಳ್ಳುತ್ತಾರೆ? ಅವರ ಮನೆಯಲ್ಲೂ ರಾತ್ರಿ ಅಷ್ಟೇ ಅಕ್ಕಿ ಬೇಕು. ಆ ಕೂಲಿ, ಒಂದು ದೆನಾರಿ ನಾಣ್ಯ, ಒಂದು ಮನೆಯ ಒಂದು ದಿನದ ಖರ್ಚು. ಕಥೆ ಹೇಳಿದವರಿಗೆ ತೋಟ ಗೊತ್ತಿಲ್ಲದಿರಬಹುದು, ಕೂಲಿ ಚೆನ್ನಾಗಿ ಗೊತ್ತಿತ್ತು. ಬಡಗಿಯ ಮಗ.

ಕರಿಮೆಣಸು · 10:03

ಸರಿ ಅಕ್ಕ, ಸೋತೆ.

ಮೈಸೂರಿಂದ · 11:15

ಚರ್ಚ್ ಒಳಗಿನ ಮಾತೂ ಬರಲಿ. ನನ್ನ ಅಮ್ಮನ ಕಡೆಯವರು ತೋಟ ಕೆಲಸಕ್ಕೆ ತಮಿಳುನಾಡಿನಿಂದ ಬಂದ ದಲಿತರು, ಮೂರು ತಲೆಮಾರಿಂದ ಕ್ರಿಶ್ಚಿಯನ್ನರು. ದೇವರ ಮುಂದೆ ಎಲ್ಲ ಒಂದೇ. ಆದರೆ ಚರ್ಚ್ ಹಬ್ಬದ ಊಟಕ್ಕೆ ಪಾತ್ರೆ ತೊಳೆಯುವವರ ಪಟ್ಟಿ ಮಾಡುವಾಗ ಯಾವಾಗಲೂ ನಮ್ಮ ಬೀದಿಯೇ ನೆನಪಾಗುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರಿಶ್ಚಿಯನ್ ಆದವನು ಪರಿಶಿಷ್ಟ ಜಾತಿ ಅಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ನಾವು ಹೊರಗೇ. ಸರ್ಕಾರಕ್ಕೆ ನಮ್ಮ ಜಾತಿ ಕಾಣುವುದಿಲ್ಲ, ಚರ್ಚ್‌ನಲ್ಲಿ ಎಲ್ಲರಿಗೂ ಕಾಣುತ್ತದೆ.

ಲೈನ್‌ಮನೆ_ಹುಡುಗ · 11:22

ನಮಗೆ ಆ ತೊಂದರೆ ಇಲ್ಲ ಅಣ್ಣ, ಎಸ್.ಟಿ.ಗೆ ಧರ್ಮ ಕೇಳಲ್ಲ. ಆದರೆ ಪಾತ್ರೆ ಪಟ್ಟಿ ಎಲ್ಲ ಕಡೆ ಇದೆ.

ಕಾಫಿಹೂ · 12:40

ಮೈಸೂರಿಂದ ಅವರೇ, ಪಾತ್ರೆಯ ಮಾತು ಚುಚ್ಚಿತು. ನಮ್ಮ ಪಟ್ಟಿ ಕಣ್ಮುಂದೆ ಬಂತು.

ಇದಕ್ಕೆ ಸೇರಿದ್ದೇ ಇನ್ನೊಂದು. ಹೋದ ವರ್ಷ ಕ್ರಿಸ್‌ಮಸ್ ರಾತ್ರಿ ಪೂಜೆಗೆ ಜಾರ್ಖಂಡ್ ಕಡೆಯ ಹುಡುಗರು ಏಳೆಂಟು ಜನ ಬಂದಿದ್ದರು. ಕಾಫಿ ಕೊಯ್ಯಲು ಬಂದವರು. ಅವರೂ ಕ್ಯಾಥೊಲಿಕ್ಕೇ. ಒಳಗೆ ಜಾಗ ಇತ್ತು. ಅವರು ಗೋದಲಿ ಹತ್ತಿರ ಹೊರಗೇ ನಿಂತರು, ಕಾಲಿಗೆ ಕೆಸರು ಇತ್ತು ಅಂತ. ನಾವೂ ಒಳಗೆ ಬನ್ನಿ ಅನ್ನಲಿಲ್ಲ. ಕೇಕ್ ಕೊಟ್ಟೆವು. ದನದ ಕೊಟ್ಟಿಗೆ ಬೊಂಬೆಗೆ ಲೈಟ್ ಹಾಕಿದ್ದೆವು, ಆ ಹುಡುಗರು ಪಕ್ಕದಲ್ಲೇ ಕತ್ತಲಲ್ಲಿ ನಿಂತಿದ್ದರು.

ಬಿದಿರುಮೆಳೆ · ಮಧ್ಯಾಹ್ನ 2:30

ಓದುತ್ತಾ ಇದ್ದೆ, ನನ್ನದೂ ಒಂದು ಅನುಭವ ಬರೆಯುತ್ತೇನೆ. ಬೋಧನೆ ಅಲ್ಲ, ನಾನು ಎಡವಿದ್ದು.

ನಮ್ಮದು ಎಂಟು ಎಕರೆ ರೊಬಸ್ಟಾ. ಯಾಜಕಕಾಂಡ 19ರಲ್ಲೇ, ಮೇಷ್ಟ್ರು ಹೇಳಿದ ಕೂಲಿ ಮಾತಿಗೆ ಸ್ವಲ್ಪ ಮೇಲೆ, ಹಕ್ಕಲಾಯಬೇಡ ಅಂತ ಇದೆ. ಹೊಲದ ಅಂಚು ತನಕ ಕೊಯ್ಯಬೇಡ, ಬಿದ್ದಿದ್ದನ್ನು ಹೆಕ್ಕಬೇಡ, ಅದು ಬಡವರಿಗೆ, ಪರದೇಶಿಗಳಿಗೆ ಬಿಡು. ರೂತಳು ಹಾಗೆ ಹಕ್ಕಲಾಯ್ದೇ ಅತ್ತೆಯನ್ನು ಸಾಕಿದ್ದು. ಎರಡು ವರ್ಷದ ಹಿಂದೆ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಇದನ್ನು ಓದಿ ನನಗೆ ಹುಮ್ಮಸ್ಸು ಬಂತು. ನೆಲಕ್ಕೆ ಬಿದ್ದ ಕಾಫಿ ಹೆಕ್ಕಿಸುವುದೇ ಬೇಡ, ಬಿಟ್ಟುಬಿಡೋಣ ಅಂದೆ. ನಮ್ಮ ಮನೆಯವರು ಬೈದರು. ಸರಿಯಾಗೇ ಬೈದರು. ಬಿಟ್ಟ ಕಾಯಲ್ಲೇ ಕಾಯಿಕೊರಕ ಹುಳ ಕೂತು ಮುಂದಿನ ಫಸಲು ತಿನ್ನುತ್ತದೆ. ಕಾಫಿಯಲ್ಲಿ ಹೆಕ್ಕದೆ ಬಿಡುವ ಹಾಗಿಲ್ಲ.

ಆಮೇಲೆ ಹೀಗೆ ಮಾಡಿದೆವು. ಹೆಕ್ಕಿಸುವುದು, ಆದರೆ ಹೆಕ್ಕಿದ್ದೆಲ್ಲ ಹೆಕ್ಕಿದವರಿಗೆ. ನಮ್ಮ ಲೈನ್‌ನ ನಾಲ್ಕು ಹೆಂಗಸರು ಮೂರು ದಿನ ಹೆಕ್ಕಿದರು. ಒಣಗಿಸಿ ಪೇಟೆಗೆ ತಗೊಂಡು ಹೋದರು. ಅಂಗಡಿಯವನು ತಗೊಳ್ಳಲಿಲ್ಲ. ಎರವರ ಹೆಂಗಸರ ಕೈಯಲ್ಲಿ ಒಂದು ಚೀಲ ಕಾಫಿ ಅಂದರೆ ಕದ್ದದ್ದೇ ಅಂತ ಅವನ ಲೆಕ್ಕ. ರೇಟು ಏರಿದ ಮೇಲೆ ಕಾಫಿ ಕಳ್ಳತನವೂ ಏರಿದೆಯಲ್ಲ. ಇನ್ನೇನು ಪೊಲೀಸ್ ತನಕ ಹೋಗುತ್ತಿತ್ತು. ನನ್ನ ಒಳ್ಳೆಯ ಮನಸ್ಸಿನಿಂದ ಅವರು ಕಳ್ಳಿಯರಾದರು.

ಓಡಿ ಹೋಗಿ ತೋಟದ ಬಿಲ್ ಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟೆ. "ಇದು ನಮ್ಮ ತೋಟದ ಹಕ್ಕಲು ಕಾಫಿ, ಇವರ ಸ್ವಂತದ್ದು." ಸಹಿ, ಮೊಹರು, ಫೋನ್ ನಂಬರ್. ಆಮೇಲೆ ತಗೊಂಡ. ಈಗ ಪ್ರತಿ ವರ್ಷ ಆ ಚೀಟಿಯನ್ನು ಹಕ್ಕಲು ಶುರುವಾಗುವ ಮುಂಚೆಯೇ ಕೊಡುತ್ತೇನೆ. ಕಾಫಿಗಿಂತ ಆ ಚೀಟಿ ಮುಖ್ಯ ಅಂತ ಅವರಲ್ಲಿ ಒಬ್ಬಳು ಅದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ರೇಷನ್ ಕಾರ್ಡ್ ಜೊತೆ ಇಟ್ಟುಕೊಂಡಿದ್ದಾಳೆ.

ಲೈನ್‌ಮನೆ_ಹುಡುಗ · 2:41

ಇದು ಬೇಕಾಗಿದ್ದು. ಬರೆದುಕೊಡಿ. ಅಡ್ವಾನ್ಸನ್ನೂ ಬರೆದುಕೊಡಿ, ಒಂದು ಕಾಪಿ ನಮ್ಮ ಕೈಗೆ. ಅಷ್ಟೇ ಕೇಳುವುದು.

ಮೂರೆಕರೆ_ಬೆಳೆಗಾರ · 2:55

ಅಕ್ಕ ಹೇಳಿದ್ದು ಮಾಡಬಹುದಾದದ್ದು. ಆದರೆ ಪಕ್ಕದ ತೋಟದ ಕಾಫಿ ನಮ್ಮ ಹಕ್ಕಲಿಗೆ ಸೇರಿದರೆ?

ಬಿದಿರುಮೆಳೆ · 3:04

ಸೇರಿದರೆ ಸೇರಲಿ ಅಂತ ಹೇಳಲ್ಲ. ಚೀಟಿಯಲ್ಲಿ ಎಷ್ಟು ಕಿಲೋ ಅಂತಲೂ ಬರೆಯುತ್ತೇನೆ.

ಕರಿಮೆಣಸು · 3:30

ಕಾನೂನಿನ ಒಂದು ಮಾತು. 1951ರ ತೋಟ ಕಾರ್ಮಿಕರ ಕಾಯ್ದೆ ಕಾಲದಿಂದ ದೊಡ್ಡ ತೋಟದಲ್ಲಿ ಮನೆ ಕೊಡುವುದು ಮಾಲೀಕನ ಜವಾಬ್ದಾರಿ ಅಂತ ಇದೆ, ಈಗ ದೊಡ್ಡದು ಅಂದರೆ ಕನಿಷ್ಠ 5 ಹೆಕ್ಟೇರ್, ಕನಿಷ್ಠ 15 ಕೆಲಸಗಾರರು. ಅಂದರೆ ಕಾಫಿಹೂ ಹೇಳಿದ ಅಜ್ಜಿಯ ಮಾಡು, ತೋಟ ಅಷ್ಟು ದೊಡ್ಡದಿದ್ದರೆ, ದಾನವಲ್ಲ, ಬಾಕಿ. ಬಾಕಿ ಇಟ್ಟುಕೊಂಡು ಕಂಬಳಿ ಕೊಟ್ಟರೆ ಅದಕ್ಕೆ ಏನು ಹೆಸರು ನಿಮ್ಮಲ್ಲಿ?

ದೇವಾಲಯದ_ಗಂಟೆ · 4:10

ಹೆಸರು ನಾನು ಹೇಳಲ್ಲ. ಆದರೆ ಒಬ್ಬ ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಅವನಿಗೆ ಹೇಳು ಅಂತ ಮತ್ತಾಯ 18ರಲ್ಲಿ ಇದೆ. ಇಲ್ಲಿ ಹೇಳುವ ಮುಂಚೆ ಅಲ್ಲಿ ಹೋಗಿ ಹೇಳಿದಿರಾ ಸಿಸ್ಟರ್?

ಕಾಫಿಹೂ · 4:22

ಇಲ್ಲ. ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಹೋಗುತ್ತೇನೆ.

ಮಡಿಕೇರಿ_ಮಂಜು · 4:25

ಗಂಟೆ ಸರಿಯಾದ ಟೈಮಿಗೆ ಹೊಡೀತು.

ಮೈಸೂರಿಂದ · 5:40

ಆನೆ ಓಡಿಸುವ ಬಗ್ಗೆ ಬೇರೆ ಚರ್ಚೆ ಇತ್ತಲ್ಲ, ಲಿಂಕ್ ಯಾರ ಹತ್ತಿರ ಇದೆ? ನಮ್ಮ ಮಾವನ ಗದ್ದೆಗೆ ಮತ್ತೆ ಬಂದಿದೆ.

ನಿರ್ವಾಹಕ · 5:45

ಆನೆಯನ್ನು ಆನೆ ಚರ್ಚೆಯಲ್ಲೇ ಬಿಡಿ ದಯವಿಟ್ಟು.

ಕಾಫಿಹೂ · ಗುರುವಾರ, ರಾತ್ರಿ 8:50

ಹೋಗಿ ಬಂದೆ. ನಾನೊಬ್ಬಳೇ. ಅವರು ಜಗಲಿಯಲ್ಲಿ ಕೂತು ಮೆಣಸಿನ ಬಳ್ಳಿ ಲೆಕ್ಕ ಮಾಡುತ್ತಿದ್ದರು. ಕಾಫಿ ಕೊಟ್ಟರು. ಹೇಗೆ ಶುರು ಮಾಡುವುದು ಗೊತ್ತಾಗದೆ ಅಜ್ಜಿ ವಾಪಸ್ ಕೊಟ್ಟ ಕಂಬಳಿಯನ್ನೇ ಟೀಪಾಯಿ ಮೇಲೆ ಇಟ್ಟೆ. "ಏನಿದು?" ಅಂದರು. ಹೇಳಿದೆ. ಮೊದಲು ಸಿಟ್ಟು ಬಂತು. ಮೇಸ್ತ್ರಿ ಹೇಳಲೇ ಇಲ್ಲ, ಲೈನ್‌ನವರು ನನ್ನ ಹತ್ತಿರ ಯಾಕೆ ಕೇಳಲಿಲ್ಲ ಅಂದರು. ನಿಮ್ಮ ಹತ್ತಿರ ಹೇಗೆ ಕೇಳುವುದು ಅಂದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಚಪ್ಪಲಿ ಹಾಕಿಕೊಂಡು "ನಡೀರಿ" ಅಂದರು. ಆ ಲೈನ್‌ಗೆ ಅವರು ಬರದೆ ಎರಡು ವರ್ಷ ಆಗಿತ್ತಂತೆ.

ಆರು ಮನೆ ನೋಡಿದರು. ಮೂರರ ಮಾಡು ಹೋಗಿದೆ. ಕೊಯ್ಲು ಮುಗಿಯಲಿ ಅಂದರು. ಅಜ್ಜಿ "ಅಷ್ಟು ಹೊತ್ತಿಗೆ ಮಳೆ ಬರುತ್ತೆ" ಅಂದರು. ಕೊನೆಗೆ ಅಜ್ಜಿಯ ಮನೆಗೆ ಶನಿವಾರ, ಉಳಿದ ಎರಡಕ್ಕೆ ಜನವರಿ ಅಂತ ಆಯಿತು. ಅಡ್ವಾನ್ಸ್ ಪುಸ್ತಕದ ಮಾತು ಎತ್ತಿದೆ. "ಅದು ಬೇರೆ ವಿಷಯ" ಅಂದರು. ಅಲ್ಲಿಗೆ ನಿಂತಿದೆ.

ಲೈನ್‌ಮನೆ_ಹುಡುಗ · 9:05

ಬೇರೆ ವಿಷಯ ಅಲ್ಲ ಅಕ್ಕ. ಇನ್ನೊಂದು ಸಲ ಹೋಗಿ. ಬೇಕಾದರೆ ನಾನೂ ಬರುತ್ತೇನೆ.

ಕಾಫಿಹೂ · 9:07

ಬಾ. ಹಬ್ಬ ಕಳೆದ ವಾರ.

ಮೂರೆಕರೆ_ಬೆಳೆಗಾರ · 9:20

ಶೀಟ್ ಎಷ್ಟು ಅಡಿಯದ್ದು ಬೇಕು? ನನ್ನ ಹತ್ತಿರ ಕೊಟ್ಟಿಗೆಗೆ ತಂದದ್ದು ಎರಡು ಉಳಿದಿದೆ.

ಕರಿಮೆಣಸು · 9:22

ಬೆಳೆಗಾರರೇ, ನೀವು ಕೊಡಬೇಡಿ! ಮತ್ತೆ ಅದೇ ಕಥೆ ಆಗುತ್ತದೆ. ಅವರ ಲೈನ್, ಅವರೇ ಹಾಕಲಿ.

ಮೂರೆಕರೆ_ಬೆಳೆಗಾರ · 9:30

ಅದೂ ಸರಿ. ಹಾಗಾದರೆ ನನ್ನ ಲೈನ್‌ಗೇ ಹಾಕುತ್ತೇನೆ. ಒಂದು ಕಡೆ ಸೋರುತ್ತದೆ ಅಂತ ಆಗಸ್ಟ್‌ನಲ್ಲೇ ಹೇಳಿದ್ದರು.